ಕೈಗವಸು ಕಳಚುವ ಹೊತ್ತು

ಮೂವತ್ತೈದು ವರ್ಷ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಮುಷ್ಟಿಯುದ್ಧದ ವಿಷಯವಾಗಿ ಮಾತನಾಡಲು ಕುಳಿತರೆ ಕೇಳುವವರಿಗೆ ಸೋಜಿಗವಾಗುವುದು ಸಹಜ. ತರಗತಿಯಲ್ಲಿ ನಿದ್ದೆ ತೂಗುತ್ತಿದ್ದವರ ಕಡೆಗೆ ಸೀಮೆಸುಣ್ಣದ ಚೂರು ಎಸೆದದ್ದನ್ನು ಬಿಟ್ಟರೆ ನಾನು ಯಾರ ಮೇಲೂ ಕೈಯೆತ್ತಿದವನಲ್ಲ. ಆದರೆ ಕಳೆದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದ. ಅವನ ಹೆಸರು, ಊರು, ಕೆಲಸ ಮಾಡುವ ಇಲಾಖೆ ಇಲ್ಲಿ ಬೇಡ. ಅವನ ಒಪ್ಪಿಗೆ ಪಡೆದೇ ಇಷ್ಟನ್ನು ಹೇಳುತ್ತಿದ್ದೇನೆ.

ಕಾಲೇಜಿನಲ್ಲಿದ್ದಾಗ ಅವನಿಗೆ ಪಂಪನೂ ಹತ್ತಲಿಲ್ಲ, ರನ್ನನೂ ಹತ್ತಲಿಲ್ಲ. ಆದರೆ ವಿಶ್ವವಿದ್ಯಾನಿಲಯದ ಬಾಕ್ಸಿಂಗ್ ತಂಡದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಆ ಬಲದಿಂದಲೇ ಕ್ರೀಡಾ ಮೀಸಲಿನಲ್ಲಿ ಕೆಲಸ ಹಿಡಿದ. ಹದಿನೈದು ವರ್ಷ ಇಲಾಖೆಯ ಪರವಾಗಿ ಕಣಕ್ಕಿಳಿದ. ಈಗ ಅವನಿಗೆ 36. ಇನ್ನೊಂದು ವರ್ಷ ಆಡಿದರೆ ಬಡ್ತಿಯ ಮಾತು ಗಟ್ಟಿಯಾಗುತ್ತದೆಂದು ಮೇಲಿನವರು ಹೇಳಿದ್ದಾರಂತೆ. ಹೆಂಡತಿಗೆ ಇಷ್ಟವಿಲ್ಲ. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ, ಸಣ್ಣದಕ್ಕೆ ರೇಗುತ್ತಾರೆ, ಬೆಳಿಗ್ಗೆ ಎದ್ದರೆ ತಲೆನೋವು ಎನ್ನುತ್ತಾರೆ ಎಂದು ಆಕೆ ತಗ್ಗಿದ ದನಿಯಲ್ಲಿ ಹೇಳಿದಳು. ಅವನು ನಕ್ಕುಬಿಟ್ಟ. “ನೀವೇ ಹೇಳಿ ಸಾರ್, ಇನ್ನೊಂದು ವರ್ಷ ಆಡಲೋ ಬೇಡವೋ?” ಎಂದ. ನನ್ನನ್ನೇಕಪ್ಪ ಕೇಳುತ್ತೀಯೆ ಎಂದರೆ, “ನೀವು ರಿಟೈರಾದವರಲ್ಲವೆ ಸಾರ್, ನಿಮಗೆ ಗೊತ್ತಿರುತ್ತದೆ” ಎಂದುಬಿಟ್ಟ. ಆ ದಿನ ನಾನು ನೇರವಾದ ಉತ್ತರ ಕೊಡಲಿಲ್ಲ. ಅವರು ಹೋದ ಮೇಲೆ ಹಲವು ದಿನ ಇದೇ ಯೋಚನೆಯಲ್ಲಿ ಕಳೆದೆ; ಓದಿದ್ದನ್ನು ಮತ್ತೆ ತೆಗೆದು ಓದಿದೆ. ಆ ಯೋಚನೆಯನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮುಷ್ಟಿಯುದ್ಧವೆಂದರೆ ನನ್ನ ತಲೆಮಾರಿನವರಿಗೆ ಮಹಮದ್ ಆಲಿ. 1980ರ ಆರಂಭದಲ್ಲಿ ಅವನು ಮದರಾಸಿಗೆ ಬಂದಿದ್ದ. ನೆಹರೂ ಕ್ರೀಡಾಂಗಣದಲ್ಲಿ ಜಿಮ್ಮಿ ಎಲ್ಲಿಸ್‌ನೊಡನೆ ಪ್ರದರ್ಶನದ ಕಾಳಗವಾಡಿದ. ಆಗ ನಾನು ಎಂ.ಎ. ವಿದ್ಯಾರ್ಥಿ. ಹಾಸ್ಟೆಲಿನ ನಾಲ್ವರು ಸೇರಿ ಹೋಗಿಬರಬೇಕೆಂದು ಹಣ ಕೂಡಿಸಿದೆವು. ಬಸ್ಸಿನ ಖರ್ಚಿಗೇ ಸಾಲದೆ ಹೋಯಿತು. ಅದಕ್ಕೆ ಹಿಂದಿನ ವರ್ಷವೇ ಅವನು ನಿವೃತ್ತಿ ಘೋಷಿಸಿದ್ದ. ವೀರನೊಬ್ಬ ಸಕಾಲದಲ್ಲಿ ಕಣ ಬಿಟ್ಟ ಎಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು. ಆ ಮೆಚ್ಚುಗೆ ಬಹಳ ದಿನ ಬಾಳಲಿಲ್ಲ. ಅದೇ ವರ್ಷದ ಅಕ್ಟೋಬರ್ 2ರಂದು, ತನ್ನ 38ನೆಯ ವಯಸ್ಸಿನಲ್ಲಿ, ಲಾಸ್ ವೇಗಸ್ಸಿನಲ್ಲಿ ಅವನು ಲ್ಯಾರಿ ಹೋಮ್ಸ್‌ನ ಎದುರು ನಿಂತ. ಹೋಮ್ಸ್ ಹಿಂದೊಮ್ಮೆ ಅವನ ಬಳಿಯೇ ಅಭ್ಯಾಸದ ಜೊತೆಗಾರನಾಗಿ ದುಡಿದವನು. ಹತ್ತು ಸುತ್ತು ಹೊಡೆಸಿಕೊಂಡ ಮೇಲೆ, ಹನ್ನೊಂದನೆಯದಕ್ಕೆ ಏಳಬೇಡವೆಂದು ತರಬೇತುದಾರ ಏಂಜೆಲೊ ಡಂಡೀ ಕಾಳಗ ನಿಲ್ಲಿಸಿದ. ವಾಚನಾಲಯದ ಪತ್ರಿಕೆಯಲ್ಲಿ ಆ ಚಿತ್ರ ನೋಡಿದ್ದೆ. ಆಲಿ ಸ್ಟೂಲಿನ ಮೇಲೆ ಕುಳಿತಿದ್ದ. ಜಾತ್ರೆ ಮುಗಿದ ಮೇಲೆ ಬೀದಿಯಲ್ಲಿ ಉಳಿದ ತೇರಿನಂತಿದ್ದ.

ವಯಸ್ಸು ಎಲ್ಲ ಆಟಗಾರರನ್ನೂ ಹಿಡಿಯುತ್ತದೆ. ಆದರೆ ಮುಪ್ಪಿನತ್ತ ಸರಿಯುವ ಬ್ಯಾಟುಗಾರ ಬೌಲ್ಡ್ ಆದರೆ ಪೆವಿಲಿಯನ್ನಿಗೆ ಮರಳುತ್ತಾನೆ, ಅಷ್ಟೆ. ಓಟಗಾರ ಕೊನೆಯವನಾಗಿ ಬರುತ್ತಾನೆ, ಅಷ್ಟೆ. ಮುಷ್ಟಿಮಲ್ಲ ತಡವಾದರೆ ಆ ತಡದ ದಂಡವನ್ನು ತಲೆಯಿಂದ ತೆರಬೇಕು. ಉಳಿದ ಆಟಗಳಲ್ಲಿ ನಿವೃತ್ತಿ ಮರ್ಯಾದೆಯ ಪ್ರಶ್ನೆ. ಇಲ್ಲಿ ಮಾತ್ರ ಅದು ಮಿದುಳಿನ ಪ್ರಶ್ನೆ.

ಮೊದಲು ಹೋಗುವುದು ಕಾಲು, ಕೊನೆಗೆ ಹೋಗುವುದು ಪೆಟ್ಟಿನ ಬಲ ಎಂಬ ಮಾತು ಬಾಕ್ಸಿಂಗ್ ಮಂದಿಯಲ್ಲಿ ಬಳಕೆಯಲ್ಲಿದೆ. ಇದು ಬರಿಯ ಗಾದೆಯಲ್ಲ. ಇಪ್ಪತ್ತರ ಹುಡುಗನಿಗೆ ಎದುರಾಳಿಯ ಭುಜ ಅಲುಗಿದ ಕ್ಷಣವೇ ತಲೆ ತಾನಾಗಿ ಓರೆಯಾಗುತ್ತದೆ. ಮೂವತ್ತೈದು ದಾಟಿದವನ ಕಣ್ಣೂ ಅದನ್ನು ಕಾಣುತ್ತದೆ. ಏನು ಬರಲಿದೆಯೆಂಬುದು ಹುಡುಗನಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಆದರೆ ಕಂಡದ್ದು ಮೈಗೆ ಆಜ್ಞೆಯಾಗಿ ಇಳಿಯುವುದರೊಳಗೆ ರೆಪ್ಪೆ ಬಡಿಯುವಷ್ಟು ತಡವಾಗಿರುತ್ತದೆ. ಕಿವಿಯ ಪಕ್ಕ ಸುಯ್ಯೆಂದು ಹಾದುಹೋಗುತ್ತಿದ್ದ ಪೆಟ್ಟು ಈಗ ದವಡೆಗೆ ಕೂರುತ್ತದೆ. ಜೊತೆಗೆ ಹಿಂದಿನ ಗಾಯಗಳು ಹುಬ್ಬಿನ ಮೇಲೆ ಕಲೆಕಟ್ಟಿ, ಆ ಚರ್ಮ ಬೇಗನೆ ಬಿರಿಯುತ್ತದೆ. ತೂಕ ಇಳಿಸಲು ಉಪವಾಸವಿದ್ದು ಬೆವರು ಹರಿಸಿದರೆ ಮೈ ಮೊದಲಿನಂತೆ ಚೇತರಿಸಿಕೊಳ್ಳುವುದಿಲ್ಲ.

ತಲೆಯೊಳಗಿನ ಸ್ಥಿತಿ ಇದಕ್ಕಿಂತ ಸೂಕ್ಷ್ಮ. ತಲೆಬುರುಡೆಯೊಳಗೆ ಮಿದುಳು ಒಂದು ಬಗೆಯ ನೀರಿನಲ್ಲಿ ತೇಲುವಂತಿದೆ. ವಯಸ್ಸಾದಂತೆ ಅದು ತುಸು ಕುಗ್ಗುತ್ತದೆ. ಬುರುಡೆ ಮಾತ್ರ ಕುಗ್ಗುವುದಿಲ್ಲ. ಆದ್ದರಿಂದ ನಡುವಣ ತೆರವು ಹೆಚ್ಚಿ, ಮಿದುಳಿನಿಂದ ಅದರ ಹೊದಿಕೆಗೆ ಹಾಯುವ ಸಣ್ಣ ರಕ್ತನಾಳಗಳು ಬಿಗಿದ ದಾರದಂತಾಗುತ್ತವೆ. ಜೋರಾದ ಪೆಟ್ಟಿಗೆ ತಲೆ ಗಿರ್ರನೆ ತಿರುಗಿದಾಗ ಅವು ಹರಿಯಬಹುದು. ಒಳಗೆ ರಕ್ತ ಕಟ್ಟಬಹುದು. ಇದು ಒಂದೇ ಗಳಿಗೆಯಲ್ಲಿ ಆಗುವ ಕೇಡು. ಇನ್ನೊಂದು ಬಗೆಯ ಕೇಡು ವರ್ಷಗಟ್ಟಲೆ ಮಾಡಿದ ಸಾಲದಂತೆ ಬೆಳೆಯುವಂಥದು. 1928ರಲ್ಲಿ ಅಮೆರಿಕದ ನ್ಯೂವರ್ಕ್ ನಗರದ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲೆಂಡ್ ಇದನ್ನು ವೈದ್ಯಪತ್ರಿಕೆಯಲ್ಲಿ ವಿವರಿಸಿದ. ಕುಡಿಯದೆಯೇ ತೂರಾಡುವ, ಮಾತು ತೊದಲುವ, ಕೈನಡುಗುವ ಹಳೆಯ ಮುಷ್ಟಿಮಲ್ಲರ ಸ್ಥಿತಿಗೆ ಅಭಿಮಾನಿಗಳು ಆಗಲೇ ‘ಪೆಟ್ಟಿನ ಅಮಲು’ ಎನ್ನುವಂಥ ಹೆಸರಿಟ್ಟು ನಗುತ್ತಿದ್ದರು. ಅದು ನಗೆಯ ಮಾತಲ್ಲ, ಮಿದುಳಿನ ರೋಗ ಎಂದು ಅವನು ಹೇಳಿದ. 1969ರಲ್ಲಿ ಇಂಗ್ಲೆಂಡಿನ ರಾಬರ್ಟ್ಸ್ ಎಂಬ ವೈದ್ಯ 224 ಮಂದಿ ನಿವೃತ್ತ ಮುಷ್ಟಿಮಲ್ಲರನ್ನು ಪರೀಕ್ಷಿಸಿದಾಗ 37 ಮಂದಿಯಲ್ಲಿ ಅಂಥ ಹಾನಿಯ ಗುರುತು ಕಂಡಿತು. ಹೆಚ್ಚು ಕಾಲ ಆಡಿದವರಲ್ಲಿ, ಹೆಚ್ಚು ಕಾಳಗ ಕಂಡವರಲ್ಲಿ ಅದು ಹೆಚ್ಚಾಗಿತ್ತು. 1973ರಲ್ಲಿ ಕಾರ್ಸೆಲಿಸ್ ಮತ್ತು ಸಂಗಡಿಗರು ಮೃತರಾದ 15 ಮಂದಿ ಮುಷ್ಟಿಮಲ್ಲರ ಮಿದುಳುಗಳನ್ನೇ ಕೊಯ್ದು ನೋಡಿ, ಈ ಕೇಡು ಎಲ್ಲೆಲ್ಲಿ ಕೂತಿರುತ್ತದೆಂದು ತೋರಿಸಿದರು.

ಇಲ್ಲಿ ಗಮನಿಸಬೇಕಾದ ಕ್ರೂರ ಸಂಗತಿಯೊಂದು ಉಂಟು. ಈ ರೋಗ ಅನೇಕ ವೇಳೆ ಕಣದಲ್ಲಿರುವಾಗ ಕಾಣಿಸಿಕೊಳ್ಳುವುದೇ ಇಲ್ಲ. ಕೈಗವಸು ಕಳಚಿ ವರ್ಷಗಳಾದ ಮೇಲೆ ಬಾಗಿಲು ತಟ್ಟುತ್ತದೆ. ಹಾಗಾಗಿ ಆಡುತ್ತಿರುವವನು ‘ನನಗೇನೂ ಆಗಿಲ್ಲ’ ಎಂದು ಹೇಳುವುದು ಸುಳ್ಳಲ್ಲ. ಆದರೆ ಅದು ಸಾಕ್ಷ್ಯವೂ ಅಲ್ಲ.

ಅನುಭವಿಯಾದವನು ತನ್ನ ಕುಂದನ್ನು ಮರೆಮಾಡುವ ವಿದ್ಯೆಯನ್ನೂ ಕಲಿತಿರುತ್ತಾನೆ. ಓಡಾಟ ಕಡಿಮೆಮಾಡುತ್ತಾನೆ, ಎದುರಾಳಿಯನ್ನು ತಬ್ಬಿ ಉಸಿರು ಉಳಿಸಿಕೊಳ್ಳುತ್ತಾನೆ, ಗೋಡೆಗೊರಗುವಂತೆ ಹಗ್ಗಕ್ಕೊರಗುತ್ತಾನೆ. ನೋಡುವವರು ಇದನ್ನು ಜಾಣ್ಮೆಯೆಂದು ಹೊಗಳುತ್ತಾರೆ. ಜಾಣ್ಮೆಯೂ ಹೌದು. ಆಲಿಯನ್ನೇ ನೋಡಿ. ಸೈನ್ಯಕ್ಕೆ ಸೇರಲೊಲ್ಲೆನೆಂದದ್ದಕ್ಕಾಗಿ 1967ರಲ್ಲಿ ಪಟ್ಟ ಕಳೆದುಕೊಂಡು, ಮೂರೂವರೆ ವರ್ಷ ಕಣದಿಂದ ಹೊರಗಿದ್ದು, 1970ರಲ್ಲಿ ಮರಳಿದಾಗ ಅವನ ಕಾಲು ಹಿಂದಿನ ಕಾಲಾಗಿರಲಿಲ್ಲ. ಕಾಲಿನ ಬದಲಿಗೆ ಅವನಿಗೆ ಇನ್ನೊಂದು ಶಕ್ತಿ ಕೈಗೂಡಿತು. ಎಂಥ ಪೆಟ್ಟನ್ನಾದರೂ ತಾಳಿಕೊಳ್ಳಬಲ್ಲೆನೆಂಬುದು ಅವನಿಗೆ ತಿಳಿಯಿತು. 1974ರಲ್ಲಿ ಕಿನ್ಶಾಸಾದಲ್ಲಿ ಹಗ್ಗಕ್ಕೊರಗಿ ಜಾರ್ಜ್ ಫೋರ್ಮನ್ನನ ಹೊಡೆತಗಳನ್ನು ತಿಂದು, ಅವನನ್ನು ದಣಿಸಿ, ಎಂಟನೆಯ ಸುತ್ತಿನಲ್ಲಿ ಕೆಡವಿದ. ಲೋಕವೆಲ್ಲ ಕೊಂಡಾಡಿತು, ನಾನೂ ಹೈಸ್ಕೂಲಿನಲ್ಲಿ ಕೊಂಡಾಡಿದವನೇ. ಈಗ ಅನ್ನಿಸುತ್ತದೆ, ಅವನನ್ನು ಕೆಡಿಸಿದ ವರ ಅದೇ ಎಂದು. ಪೆಟ್ಟು ತಾಳುವವನಿಗೆ ಪೆಟ್ಟು ಹೆಚ್ಚು ಬೀಳುತ್ತದೆ. ಅಭ್ಯಾಸದಲ್ಲಿಯೂ ಜೊತೆಗಾರರಿಂದ ಬೇಕೆಂದೇ ಹೊಡೆಸಿಕೊಳ್ಳುತ್ತಿದ್ದನಂತೆ. ಆ ಲೆಕ್ಕ ಯಾವ ದಾಖಲೆ ಪುಸ್ತಕದಲ್ಲಿಯೂ ಇಲ್ಲ.

1977ರಲ್ಲಿ ಅರ್ನಿ ಶೇವರ್ಸ್‌ನೊಡನೆ ಹದಿನೈದು ಸುತ್ತು ಕಾದಾಡಿ ಗೆದ್ದ ಬಳಿಕ ಅವನ ವೈದ್ಯ ಫರ್ಡಿ ಪಚೆಕೊ, ಮೂತ್ರಪಿಂಡಗಳಿಗೆ ಹಾನಿಯಾಗಿದೆಯೆಂಬ ಪ್ರಯೋಗಾಲಯದ ವರದಿಯನ್ನು ಆಲಿಗೂ ಅವನ ಹೆಂಡತಿಗೂ ವ್ಯವಸ್ಥಾಪಕನಿಗೂ ಕಳುಹಿಸಿದ. ಯಾರಿಂದಲೂ ಉತ್ತರ ಬರಲಿಲ್ಲ. ಪಚೆಕೊ ಆ ಬಳಗವನ್ನೇ ಬಿಟ್ಟು ಹೊರನಡೆದ. ಸುತ್ತ ನಿಂತವರಲ್ಲಿ ಬಹಳ ಮಂದಿಗೆ ಅವನ ಮುಷ್ಟಿಯೇ ಅನ್ನವಾಗಿದ್ದಿತು. ಸಾಕು ಎಂದರೆ ತಮ್ಮ ತಟ್ಟೆಯನ್ನು ತಾವೇ ಸರಿಸಿದಂತೆ. 1980ರ ಕಾಳಗಕ್ಕೆ ಮುನ್ನ ಮೇಯೋ ಕ್ಲಿನಿಕ್ಕಿನಲ್ಲಿ ಅವನ ಪರೀಕ್ಷೆ ನಡೆಯಿತು. ಒಂಟಿಕಾಲಿನಲ್ಲಿ ಕುಪ್ಪಳಿಸುವಾಗ ನಿರೀಕ್ಷಿಸಿದ ಚುರುಕಿಲ್ಲ, ಬೆರಳಿನಿಂದ ಮೂಗು ಮುಟ್ಟುವಾಗ ಗುರಿ ತುಸು ತಪ್ಪುತ್ತದೆ ಎಂದು ವರದಿಯಲ್ಲಿ ಬಂದಿತು. ಕಾಳಗವನ್ನು ತಡೆಯುವಂಥದ್ದೇನೂ ಇಲ್ಲವೆಂದೂ ಬಂದಿತು. ನೆವಾಡಾದ ಪರವಾನಗಿ ದೊರೆಯಿತು. ಜಗತ್ತಿನ ಅತ್ಯಂತ ಚುರುಕಾದ ಕೈಯೆನಿಸಿಕೊಂಡ ಕೈ ತನ್ನ ಮೂಗನ್ನು ತಾನು ಹುಡುಕುತ್ತಿದೆಯೆಂಬ ಒಂದು ಸಾಲಿನ ಮುಂದೆ ಎಲ್ಲರೂ ನಿಲ್ಲಬೇಕಾಗಿತ್ತು.

ಹೋಮ್ಸ್‌ನ ಕೈಯಲ್ಲಿ ಸೋತದ್ದಕ್ಕೂ ಕಾರಣಗಳನ್ನು ಹೇಳಿದರು. ತೂಕ ಬೇಗ ಇಳಿಸಿದ್ದು, ಥೈರಾಯ್ಡಿನ ಮಾತ್ರೆ ಅತಿಯಾದದ್ದು. ಅವು ಸುಳ್ಳೇನಲ್ಲದಿರಬಹುದು. ಆದರೆ ಅಂಥ ಕಾರಣ ಸಿಕ್ಕಿದರೆ ಇನ್ನೊಂದು ಕಾಳಗಕ್ಕೆ ದಾರಿಯಾಯಿತೆಂದೇ ಅರ್ಥ. ಅಮೆರಿಕದೊಳಗೆ ಮತ್ತೆ ಪರವಾನಗಿ ಸಿಗುವುದು ಕಷ್ಟವಾಗಿದ್ದ ಆ ಹೊತ್ತಿನಲ್ಲಿ, 1981ರ ಡಿಸೆಂಬರಿನಲ್ಲಿ, ಬಹಾಮಾಸ್ ದ್ವೀಪದಲ್ಲಿ ಟ್ರೆವರ್ ಬರ್ಬಿಕ್‌ನೊಡನೆ ಹತ್ತು ಸುತ್ತು ಆಡಿ ಸೋತ. ಅದೇ ಕೊನೆ. 1984ರಲ್ಲಿ ಪಾರ್ಕಿನ್ಸನ್ ಲಕ್ಷಣಗಳ ರೋಗವೆಂದು ಗೊತ್ತಾಯಿತು. ಆ ರೋಗದಲ್ಲಿ ಪೆಟ್ಟಿನ ಪಾಲೆಷ್ಟೆಂಬ ವಿಷಯದಲ್ಲಿ ವೈದ್ಯರಲ್ಲಿಯೇ ಭಿನ್ನಾಭಿಪ್ರಾಯವುಂಟು. ನನ್ನಂಥವನು ತೀರ್ಪು ಕೊಡುವುದು ಸಲ್ಲದು. 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ ಜ್ಯೋತಿ ಹೊತ್ತಿಸುವಾಗ ನಡುಗಿದ ಆ ಕೈಯನ್ನು ನಾವೆಲ್ಲ ದೂರದರ್ಶನದಲ್ಲಿ ಕಂಡೆವು. 2016ರಲ್ಲಿ, 74ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ.

ಇದು ಆಲಿಯೊಬ್ಬನ ಕಥೆಯಾಗಿದ್ದರೆ ವಿಧಿಯೆಂದು ಸುಮ್ಮನಾಗಬಹುದಿತ್ತು. ಇದೊಂದು ಸರಪಳಿ. ಜೋ ಲೂಯಿಸ್ ಹನ್ನೆರಡು ವರ್ಷದ ಹತ್ತಿರ ಪಟ್ಟವಾಳಿ, ಇಪ್ಪತ್ತೈದು ಸಲ ಅದನ್ನು ಉಳಿಸಿಕೊಂಡು, 1949ರಲ್ಲಿ ಗೌರವದಿಂದ ನಿವೃತ್ತನಾದ. ತೆರಿಗೆಯ ಬಾಕಿ ಅವನನ್ನು ಕಣಕ್ಕೆ ಮರಳಿ ಎಳೆಯಿತು. 1951ರ ಅಕ್ಟೋಬರಿನಲ್ಲಿ, 37ನೆಯ ವಯಸ್ಸಿನಲ್ಲಿ, ರಾಕಿ ಮಾರ್ಸಿಯಾನೊ ಎಂಟನೆಯ ಸುತ್ತಿನಲ್ಲಿ ಅವನನ್ನು ಹಗ್ಗದಾಚೆ ಕೆಡವಿದ. ಗೆದ್ದ ಮಾರ್ಸಿಯಾನೊ ಆ ರಾತ್ರಿ ಅತ್ತನಂತೆ. ಲೂಯಿಸ್ ಅವನ ಬಾಲ್ಯದ ಆರಾಧ್ಯ ವೀರ. ಆಲಿಯನ್ನು ಗೆದ್ದ ಹೋಮ್ಸನೂ ಅತ್ತನಂತೆ. ಆ ಹೋಮ್ಸ್ ತಾನೇನು ಮಾಡಿದ? ನಿವೃತ್ತನಾದವನು ಮರಳಿ ಬಂದು 1988ರ ಜನವರಿಯಲ್ಲಿ ಮೈಕ್ ಟೈಸನ್ನನೆದುರು ನಿಂತು ನಾಲ್ಕನೆಯ ಸುತ್ತಿನಲ್ಲಿ ನೆಲಕ್ಕುರುಳಿದ. ಆಗ ಅವನಿಗೆ 38. ಎಂಟು ವರ್ಷದ ಹಿಂದೆ ಅವನ ಮುಂದೆ ನಿಂತ ಆಲಿಗೆ ಎಷ್ಟೋ ಅಷ್ಟೇ. ಆ ಟೈಸನ್ 2024ರ ನವೆಂಬರಿನಲ್ಲಿ, 58ನೆಯ ವಯಸ್ಸಿನಲ್ಲಿ, ತನಗಿಂತ ಮೂವತ್ತೊಂದು ವರ್ಷ ಚಿಕ್ಕವನಾದ ಜೇಕ್ ಪಾಲ್ ಎಂಬವನೊಡನೆ ಎರಡೆರಡು ನಿಮಿಷದ ಎಂಟು ಸುತ್ತು ಆಡಿ ಸೋತದ್ದನ್ನು ಲೋಕವೆಲ್ಲ ಮನೆಯಲ್ಲಿ ಕುಳಿತು ನೋಡಿತು. ನಾನು ನೋಡಲಿಲ್ಲ, ಮೊಮ್ಮಗ ತೋರಿಸಲು ಬಂದಾಗ ಬೇಡವೆಂದೆ.

ಪಾಠ ಕಲಿತವನು ಈ ಸರಪಳಿಯಲ್ಲಿ ಮಾರ್ಸಿಯಾನೊ ಒಬ್ಬನೇ. 49 ಕಾಳಗ, 49 ಗೆಲುವು. 1956ರ ಏಪ್ರಿಲಿನಲ್ಲಿ, 32ನೆಯ ವಯಸ್ಸಿನಲ್ಲಿ ಕೈಗವಸು ಕಳಚಿದವನು ಮತ್ತೆ ತೊಡಲಿಲ್ಲ. ಲೂಯಿಸ್ ಬಿದ್ದದ್ದನ್ನು ಅವನಿಗಿಂತ ಹತ್ತಿರದಿಂದ ಕಂಡವರು ಯಾರಿದ್ದರು?

ಅಪವಾದಗಳಿಲ್ಲವೆ ಎಂದು ಕೇಳಬಹುದು. ನನ್ನ ವಿದ್ಯಾರ್ಥಿಯೂ ಅದನ್ನೇ ಕೇಳಿದ. ಉಂಟು. ಕಿನ್ಶಾಸಾದಲ್ಲಿ ಸೋತ ಅದೇ ಫೋರ್ಮನ್ ಹತ್ತು ವರ್ಷ ಕಣದಿಂದ ದೂರವಿದ್ದು ಮರಳಿ, 1994ರಲ್ಲಿ 45ನೆಯ ವಯಸ್ಸಿನಲ್ಲಿ ಮೈಕೆಲ್ ಮೂರರ್‌ನನ್ನು ಕೆಡವಿ ಪಟ್ಟ ಗೆದ್ದ. ಆದರೆ ಆ ಕಾಳಗದಲ್ಲಿಯೂ ಅವನು ಒಂಬತ್ತು ಸುತ್ತು ಹೊಡೆಸಿಕೊಂಡು, ಹತ್ತನೆಯದರಲ್ಲಿ ಒಂದು ಪೆಟ್ಟಿಗೆ ದಾರಿ ಕಂಡುಕೊಂಡದ್ದು. ಕೊನೆಗೆ ಹೋಗುವುದು ಪೆಟ್ಟಿನ ಬಲ ಎಂದೆನಲ್ಲ. ಬರ್ನಾರ್ಡ್ ಹಾಪ್ಕಿನ್ಸ್ ಋಷಿಯಂತೆ ಆಹಾರ ವಿಹಾರಗಳಲ್ಲಿ ಕಟ್ಟುನಿಟ್ಟಾಗಿ ಬದುಕಿ 48ನೆಯ ವಯಸ್ಸಿನಲ್ಲಿ ಪಟ್ಟ ಗೆದ್ದ. ಅವನೂ 2016ರಲ್ಲಿ, 51ರಲ್ಲಿ, ಹಗ್ಗಗಳ ನಡುವಿನಿಂದ ಕಣದ ಹೊರಕ್ಕೆ ಬಿದ್ದು ಆಟ ಮುಗಿಸಿದ. ಇಂಥವರನ್ನು ಮೆಚ್ಚೋಣ. ಆದರೆ ನೂರು ಮಂದಿ ದಾಟಲಾರದ ಹೊಳೆಯನ್ನು ಒಬ್ಬ ಈಜಿ ದಾಟಿದರೆ ಅಲ್ಲಿ ಸೇತುವೆ ಇದೆಯೆಂದು ಸಾರುವುದು ಸರಿಯೆ?

ಬಡತನದ ಮಾತನ್ನೂ ಆಡಬೇಕು. ಜ್ಯಾಕ್ ಲಂಡನ್ 1909ರಲ್ಲಿ ಬರೆದ ಕಥೆಯೊಂದಿದೆ. ಆಸ್ಟ್ರೇಲಿಯದ ಮುದಿ ಮುಷ್ಟಿಮಲ್ಲ ಟಾಮ್ ಕಿಂಗ್‌ನದು. ಅಂಗಡಿಯವರು ಸಾಲ ಕೊಡರು. ಮಕ್ಕಳನ್ನು ರಾತ್ರಿಯೂಟವಿಲ್ಲದೆ ಮಲಗಿಸಿ ಅವನು ಕಾಳಗಕ್ಕೆ ನಡೆದುಕೊಂಡೇ ಹೋಗುತ್ತಾನೆ. ಅನುಭವದ ಬಲದಿಂದ ಗೆಲುವಿನ ಅಂಚಿಗೆ ಬರುತ್ತಾನೆ. ಕೊನೆಯ ಪೆಟ್ಟಿಗೆ ಕಸುವು ಸಾಲುವುದಿಲ್ಲ. ಅಂದು ಒಂದು ತುಂಡು ಮಾಂಸ ಸಿಕ್ಕಿದ್ದರೆ ಸಾಲುತ್ತಿತ್ತು. ಹಿಂದೆ ತಾನು ಸೋಲಿಸಿದ ಮುದುಕನೊಬ್ಬ ಕೋಣೆಯಲ್ಲಿ ಕುಳಿತು ಏಕೆ ಅತ್ತನೆಂಬುದು ಆ ರಾತ್ರಿ ಅವನಿಗೆ ತಿಳಿಯುತ್ತದೆ. ಕಣ ಬಿಡಿ ಎಂದು ಹೇಳುವವರು, ಬಿಟ್ಟ ಮೇಲೆ ಏನು ತಿನ್ನಬೇಕೆಂಬುದನ್ನೂ ಹೇಳಬೇಕೆಂದು ಆ ಕಥೆ ನನಗೆ ಕಲಿಸಿತು. ನನ್ನ ವಿದ್ಯಾರ್ಥಿಗೆ ಸಂಬಳವಿದೆ. ಅವನನ್ನು ಎಳೆಯುತ್ತಿರುವುದು ಹಸಿವಲ್ಲ. ಎಷ್ಟೋ ಹುಡುಗರಿಗೆ ಅದೂ ಇಲ್ಲ.

ಮುದಿ ಮುಷ್ಟಿಮಲ್ಲನ ಬಗೆಗೆ ನನಗೆ ತಿಳಿದಿರುವ ಅತಿ ಸುಂದರವಾದ ಪ್ರಸಂಗ ರೋಮಿನ ಮಹಾಕವಿ ವರ್ಜಿಲನ ‘ಈನಿಯಡ್’ ಕಾವ್ಯದ ಐದನೆಯ ಕಾಂಡದಲ್ಲಿದೆ. ಡಾರೀಸ್ ಎಂಬ ಸೊಕ್ಕಿನ ತರುಣನೆದುರು ನಿಲ್ಲಲು ಯಾರೂ ಮುಂದೆ ಬರುವುದಿಲ್ಲ. ಎಂಟೆಲಸ್ ಎಂಬ ಮುದುಕನನ್ನು ಗೆಳೆಯ ಚುಚ್ಚಿ ಎಬ್ಬಿಸುತ್ತಾನೆ. ಭಯವಲ್ಲ, ನೆತ್ತರು ತಣ್ಣಗಾಗಿದೆ ಎಂಬುದು ಅವನ ಅಳಲು. ಕಾಳಗದಲ್ಲಿ ಅವನು ಬಲವಾಗಿ ಬೀಸಿದ ಪೆಟ್ಟು ತಪ್ಪಿ, ತನ್ನ ಭಾರಕ್ಕೆ ತಾನೇ ಮಗುಚಿ ಬೀಳುತ್ತಾನೆ. ಮೊದಲು ಹೋಗುವುದು ಕಾಲು ಎಂಬುದು ಎರಡು ಸಾವಿರ ವರ್ಷದ ಹಿಂದೆಯೂ ಕವಿಗೆ ಗೊತ್ತಿತ್ತು! ನಾಚಿಕೆಯಿಂದ ಸಿಡಿದೆದ್ದು ಡಾರೀಸ್‌ನನ್ನು ಬಯಲೆಲ್ಲ ಅಟ್ಟಾಡಿಸಿ ಹೊಡೆಯುತ್ತಾನೆ. ಈನಿಯಸ್ ನಡುವೆ ಬಂದು ನಿಲ್ಲಿಸದಿದ್ದರೆ ಆ ತರುಣ ಉಳಿಯುತ್ತಿರಲಿಲ್ಲ. ಆಮೇಲೆ ಮುದುಕ ಬಹುಮಾನದ ಎತ್ತನ್ನು ಒಂದೇ ಗುದ್ದಿಗೆ ಕೆಡವಿ, ಗೆದ್ದ ಆ ಗಳಿಗೆಯಲ್ಲಿಯೇ ಕೈಪಟ್ಟಿಯನ್ನೂ ವಿದ್ಯೆಯನ್ನೂ ಕೆಳಗಿಟ್ಟುಬಿಡುತ್ತಾನೆ. ಗೆದ್ದಾಗ ಬಿಡುವುದು ಅದೆಷ್ಟು ಅಪರೂಪವೆಂದು ಕವಿಗೆ ತಿಳಿದಿದ್ದರಿಂದಲೇ ಅದನ್ನು ಕಾವ್ಯದಲ್ಲಿಟ್ಟ. ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ಮಾತ್ರ ಈನಿಯಸ್‌ನ ಮೇಲೆ. ಬಹುಮಾನದಲ್ಲಿ ಪಾಲಿಲ್ಲದವನು ಅವನು. ಆದ್ದರಿಂದಲೇ ಸಾಕು ಎನ್ನಬಲ್ಲವನಾದ.

ನಮ್ಮ ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ನೆನೆಯುತ್ತೇನೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನೆಯುಳ್ಳ ಆಯುಧ ತೊಟ್ಟು ಎದುರಾಗುತ್ತಾರೆ. ನೋಡಲು ಅದು ಬಾಕ್ಸಿಂಗಿಗಿಂತ ಭಯಂಕರ. ಆದರೆ ಒಬ್ಬನ ತಲೆಯಲ್ಲಿ ನೆತ್ತರು ಜಿನುಗಿತೋ ಕಾಳಗ ಮುಗಿಯಿತು; ಮತ್ತೆ ಯಾರೂ ಕೈಯೆತ್ತುವಂತಿಲ್ಲ. ನಿಲ್ಲಿಸುವ ಅಧಿಕಾರ ಜಟ್ಟಿಯದಲ್ಲ. ಬಾಕ್ಸಿಂಗಿನಲ್ಲಿ ಮೆತ್ತನೆಯ ಕೈಗವಸುಂಟು. ಅದರಿಂದ ಹೊಡೆಯುವವನ ಬೆರಳು ಉಳಿಯುತ್ತದೆ, ಹೊಡೆಸಿಕೊಳ್ಳುವವನ ನೆತ್ತರು ಒಳಗೇ ಉಳಿಯುತ್ತದೆ. ಕಾಣದ ನೆತ್ತರಿಗೆ ಯಾರು ಕಾಳಗ ನಿಲ್ಲಿಸಿಯಾರು?

1975ರಲ್ಲಿ ಮನಿಲಾದಲ್ಲಿ ಆಲಿಗೂ ಜೋ ಫ್ರೇಜಿಯರ್‌ನಿಗೂ ಹದಿನಾಲ್ಕು ಸುತ್ತು ಮುಗಿದಿತ್ತು; ಉಳಿದದ್ದು ಒಂದೇ. ಫ್ರೇಜಿಯರ್‌ನ ಕಣ್ಣು ಊದಿ ಮುಚ್ಚಿತ್ತು. ನಾನು ಆಡುತ್ತೇನೆಂದು ಅವನು ಹಟ ಹಿಡಿದ. ಅವನ ತರಬೇತುದಾರ ಎಡ್ಡಿ ಫಚ್ ಒಪ್ಪಲಿಲ್ಲ. ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. ಒಂದು ಸುತ್ತಿಗಾಗಿ ಪಟ್ಟ ಕೈತಪ್ಪಿತು. ಮುಷ್ಟಿಯುದ್ಧದ ಚರಿತ್ರೆಯಲ್ಲಿ ನಾನು ಒಬ್ಬನಿಗೆ ನಮಸ್ಕಾರ ಮಾಡಬೇಕೆಂದರೆ ಯಾವ ಚಾಂಪಿಯನ್ನನಿಗೂ ಅಲ್ಲ, ಈ ಫಚ್‌ನಿಗೆ ಮಾಡುತ್ತೇನೆ. ಪಟ್ಟದಲ್ಲಿ ತನಗೂ ಪಾಲಿದ್ದಾಗ ಸಾಕು ಎಂದವನು ಅವನು.

ವಯಸ್ಸಿನ ಗೆರೆಯನ್ನೇ ಎಳೆದುಬಿಟ್ಟರೆ ಹೇಗೆ? ಒಲಿಂಪಿಕ್ ಮಾದರಿಯ ಬಾಕ್ಸಿಂಗಿನಲ್ಲಿ ಆ ಗೆರೆ ಇದೆ; 40 ದಾಟಿದವರಿಗೆ ಕಣವಿಲ್ಲ. ನಮ್ಮ ಮೇರಿ ಕೋಮ್ ಆರು ಸಲ ವಿಶ್ವವಿಜೇತೆಯಾದವರು. 2021ರಲ್ಲಿ ಟೋಕಿಯೊದಲ್ಲಿ, 38ನೆಯ ವಯಸ್ಸಿನಲ್ಲಿ, ಕೊಲಂಬಿಯದ ಇಂಗ್ರಿತ್ ವಲೆನ್ಸಿಯಾ ಎದುರು ಕೂದಲೆಳೆಯ ಅಂತರದಲ್ಲಿ ಸೋತರು. ತಮಗೆ ಇನ್ನೂ ಹಸಿವಿದೆ, ವಯಸ್ಸಿನ ನಿಯಮ ಬಿಡದು ಎಂಬ ಅರ್ಥದ ಮಾತನ್ನು 2024ರಲ್ಲಿ ಆಡಿದರು. ಅವರ ದುಃಖ ನನಗೆ ಅರ್ಥವಾಗುತ್ತದೆ. ಹಣದ ಬಾಕ್ಸಿಂಗಿನಲ್ಲಿ ಅಂಥ ಒಂದೇ ಗೆರೆಯಿಲ್ಲ. ಒಂದೆಡೆ ಪರವಾನಗಿ ಇಲ್ಲವೆಂದರೆ ಇನ್ನೊಂದೆಡೆ ಸಿಗುತ್ತದೆ. ನನ್ನನ್ನು ಕೇಳಿದರೆ ಬರಿಯ ವಯಸ್ಸು ಸಾಲದು. ಹುಡುಗನಾಗಿ ಕಣಕ್ಕಿಳಿದ ದಿನವೇ ಅವನ ನೆನಪು, ಮಾತು, ಕೈಕಾಲಿನ ಹೊಂದಾಣಿಕೆಗಳನ್ನು ಅಳೆದು ಬರೆದಿಡಬೇಕು. ವರ್ಷವರ್ಷವೂ ಅದರೊಡನೆ ಹೋಲಿಸಬೇಕು. ಇಳಿತ ಕಂಡ ದಿನ ಪರವಾನಗಿ ಹೋಗಬೇಕು, ಅವನಿಗೆ 26 ಇರಲಿ 46 ಇರಲಿ. ಅಭ್ಯಾಸದ ಪೆಟ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೀರ್ಪು ಕೊಡುವವನಿಗೆ ಕಾಳಗದ ಹಣದಲ್ಲಿ ಬಿಡಿಕಾಸೂ ಸೇರಬಾರದು. ಮತ್ತು ಮನೆಯವರನ್ನು ಕೇಳಬೇಕು. ವೈದ್ಯನ ಯಂತ್ರಕ್ಕಿಂತ ಮೊದಲು ಅಡಿಗೆಮನೆಗೆ ತಿಳಿದಿರುತ್ತದೆ.

ಇನ್ನು ನನ್ನ ಮಾತು. ನಿವೃತ್ತಿಗೆ ಎರಡು ವರ್ಷವಿದ್ದಾಗ ಪಂಪಭಾರತದ ಪಾಠ ನಡೆದಿತ್ತು. ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವ ಸಂದರ್ಭ. ಈ ಮುದುಕನಿಗೇಕೆ ಪಟ್ಟ ಎಂದು ಕರ್ಣ ಹೀಯಾಳಿಸುತ್ತಾನೆ; ಭೀಷ್ಮ ಸಿಡುಕದೆ, ನಿನ್ನ ಸರದಿಯೂ ಬರುತ್ತದೆ ಎಂಬ ಅರ್ಥ ಬರುವಂತೆ ತಣ್ಣಗೆ ಉತ್ತರಿಸುತ್ತಾನೆ. ಆ ಉತ್ತರದ ಪದ್ಯವನ್ನು ಮೂವತ್ತು ವರ್ಷಗಳಿಂದ ಪುಸ್ತಕ ಮುಟ್ಟದೆ ಹೇಳುತ್ತಿದ್ದವನು ನಾನು. ಅಂದು ಎರಡು ಸಾಲು ಬಂದಿತು, ಮೂರನೆಯದು ಬರಲಿಲ್ಲ. ಮೇಜನ್ನು ಹಿಡಿದುಕೊಂಡು ನಿಂತೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಪುಸ್ತಕ ನೋಡಿ ಮೆಲ್ಲಗೆ ಎತ್ತಿಕೊಟ್ಟಳು. ತರಗತಿ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಹಿಂದಿನ ರಾತ್ರಿ ನಿದ್ದೆಯಿರಲಿಲ್ಲ, ಸೆಕೆ ಹೆಚ್ಚಾಗಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಥೈರಾಯ್ಡಿನ ಮಾತ್ರೆಯ ಮಾತು ಓದಿದಾಗಲೆಲ್ಲ ನನಗೆ ಆ ಸೆಕೆ ನೆನಪಾಗುತ್ತದೆ. ಮತ್ತೆರಡು ವರ್ಷ ಪಾಠ ಹೇಳಿದೆ. ಮೇಜಿನ ಮೇಲೆ ಪುಸ್ತಕ ತೆರೆದಿಟ್ಟುಕೊಂಡೇ ಹೇಳಿದೆ, ಅದೂ ಹಗ್ಗಕ್ಕೊರಗಿದಂತೆಯೇ. ನಾನಾಗಿ ಬಿಡಲಿಲ್ಲ. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸಿದರು. ಆ ದಿನ ಸಿಟ್ಟು ಬಂದಿತ್ತು.

ಕಳೆದ ತಿಂಗಳು ಅವನು ಹೆಂಡತಿಯೊಡನೆ ಮತ್ತೆ ಬಂದಾಗ ಇದನ್ನೆಲ್ಲ ಹೇಳಿದೆ. ಫಚ್‌ನ ಕಥೆ ಹೇಳಿದೆ. ನನ್ನ ಮೂರನೆಯ ಸಾಲಿನ ಕಥೆಯನ್ನೂ ಹೇಳಿದೆ. ಬೆಂಗಳೂರಿಗೆ ಹೋಗಿ ನಿಮ್ಹಾನ್ಸ್‌ನಲ್ಲಿ ಒಮ್ಮೆ ತೋರಿಸು, ಅದು ಆಗುವವರೆಗೆ ಕಣ ಮುಟ್ಟಬೇಡ, ಇದನ್ನು ನಿನ್ನ ಮೇಷ್ಟ್ರ ಆಜ್ಞೆಯೆಂದೇ ತಿಳಿ ಎಂದೆ. ಅವನು ತಲೆತಗ್ಗಿಸಿ ಕೇಳಿದ. ಎದ್ದು ಹೊರಡುವಾಗ, “ಈ ವರ್ಷದ ಪಂದ್ಯಗಳೊಂದು ಮುಗಿದುಬಿಡಲಿ ಸಾರ್, ಆಮೇಲೆ ಖಂಡಿತ ಹೋಗುತ್ತೇನೆ” ಎಂದು ಕಾಲು ಮುಟ್ಟಿ ನಮಸ್ಕರಿಸಿ ಸ್ಕೂಟರಿನ ಕಡೆಗೆ ನಡೆದ.

ಹೆಂಡತಿ ಗೇಟಿನ ಬಳಿ ಒಂದು ಕ್ಷಣ ನಿಂತಳು.

“ಆ ಪದ್ಯದ ಸಾಲು ಮರೆತುಹೋಯಿತು ಅಂದಿರಲ್ಲ ಸಾರ್, ಆಮೇಲೆ ನೆನಪಾಯಿತೆ?” ಎಂದು ಕೇಳಿದಳು.

“ಆಯಿತಮ್ಮ. ಅವತ್ತೇ, ಮನೆಗೆ ಬರುವ ದಾರಿಯಲ್ಲಿ” ಎಂದೆ.

ಆಕೆ ಮತ್ತೇನೂ ಕೇಳಲಿಲ್ಲ. ಗೇಟನ್ನು ಸದ್ದಾಗದಂತೆ ಎಳೆದುಕೊಂಡು ಅವನ ಹಿಂದೆ ಹೋದಳು.